ಕಡಲ ನೀರಿನ ಅಕ್ವೇರಿಯಂ: ಪಂಪು ಮತ್ತು ಚಿಲ್ಲರ್ ಆಯುವ ಲೆಕ್ಕ

ಮನೆಯಲ್ಲಿ ಕಡಲ ನೀರಿನ ಅಕ್ವೇರಿಯಂ ಇಡಲು ಹೊರಟವರು ಮೊದಲು ಮೀನು ನೋಡುತ್ತಾರೆ, ಆಮೇಲೆ ಹವಳ, ಆಮೇಲೆ ಲೈಟು. ರಿಟರ್ನ್ ಪಂಪು ಮತ್ತು ಚಿಲ್ಲರ್ ಪಟ್ಟಿಯ ಕೊನೆಗೆ ಬರುತ್ತವೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ, ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಜೋಡಿಸಿಬಿಡುತ್ತಾರೆ. ಈ ಕ್ರಮವನ್ನು ತಿರುವಿಹಾಕಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮೀನು ಬದುಕುವುದು ಈ ಎರಡು ಯಂತ್ರಗಳ ಮೇಲೆ. ಇನ್ನೊಂದು ಮಾತು: ಇವನ್ನು ಬೇರೆಬೇರೆಯಾಗಿ ಕೊಳ್ಳಲಾಗದು. ಪಂಪು ನೀರಿಗೆ ಬಿಸಿ ಸೇರಿಸುತ್ತದೆ, ಚಿಲ್ಲರ್ ಅದನ್ನು ತೆಗೆಯುತ್ತದೆ. ಚಿಲ್ಲರಿಗೆ ಇಂತಿಷ್ಟು ಹರಿವು ಬೇಕು, ಅದನ್ನು ಕೊಡಬೇಕಾದ್ದು ಪಂಪು. ಒಂದರ ಲೆಕ್ಕ ತಪ್ಪಿದರೆ ಇನ್ನೊಂದರದೂ ತಪ್ಪುತ್ತದೆ.

ಮಾತಿಗೆ ಒಂದು ಹಿಡಿಕೆ ಇರಲೆಂದು ಒಂದು ಟ್ಯಾಂಕನ್ನು ಮುಂದಿಟ್ಟುಕೊಳ್ಳೋಣ. 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ. ಮಂಗಳೂರಿನ ಒಂದು ಮನೆಯ ಹಜಾರದಲ್ಲಿದೆ, ಎ.ಸಿ. ಇಲ್ಲ. ಕಲ್ಲು, ಮರಳು ಕಳೆದು ಸುಮಾರು 260 ಲೀಟರ್ ನೀರು. ಸ್ಟ್ಯಾಂಡಿನ ಒಳಗೆ ಒಂದು ಸಂಪು, ಅದರಲ್ಲಿ 80 ಲೀಟರ್. ಮೇಲಿನ ಟ್ಯಾಂಕಿನ ನೀರು ಓವರ್‌ಫ್ಲೋ ಬಾಯಿಂದ ತಾನಾಗಿ ಸಂಪಿಗೆ ಇಳಿಯುತ್ತದೆ. ಅಲ್ಲಿ ಸ್ಕಿಮ್ಮರ್ ನೊರೆಯ ಜೊತೆಗೆ ಕೊಳೆಯನ್ನು ಎತ್ತಿಹಾಕುತ್ತದೆ. ಕೊನೆಯ ಅಂಕಣದಲ್ಲಿ ಕೂತ ರಿಟರ್ನ್ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹಗಲು ರಾತ್ರಿ, ವರ್ಷಪೂರ್ತಿ, ಈ ಸುತ್ತು ನಿಲ್ಲುವಂತಿಲ್ಲ.

ಈ ನೀರನ್ನು 24ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂಬುದು ಸಾಮಾನ್ಯ ನಿಯಮ. ಹವಳದ ಒಡಲೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿರುತ್ತವೆ. ಹವಳದ ಊಟದ ಬಹುಪಾಲು ಅವು ತಯಾರಿಸಿದ್ದು, ಬಣ್ಣದಲ್ಲಿಯೂ ಅವುಗಳ ಪಾಲಿದೆ. ನೀರು ಬಿಸಿಯಾಗಿ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ, ಮುಂದೆ ಹಸಿವಿನಿಂದ ಸಾಯುತ್ತದೆ. ಮೀನಿನ ಕಷ್ಟ ಬೇರೆ, ಅದು ಆಮ್ಲಜನಕದ್ದು. 25 ಡಿಗ್ರಿಯ ಕಡಲ ನೀರು ಲೀಟರಿಗೆ ಹೆಚ್ಚೆಂದರೆ 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಅದು 6.2ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಯಿಂದ ಮೀನಿನ ದೇಹದ ಕೆಲಸ ಚುರುಕಾಗಿ ಉಸಿರಿನ ಬೇಡಿಕೆ ಏರಿರುತ್ತದೆ. ಸಿಗುವುದು ಕಡಿಮೆ, ಬೇಕಾದ್ದು ಹೆಚ್ಚು.

ಕರಾವಳಿಯವರು ಇಲ್ಲೊಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅರಬ್ಬೀ ಸಮುದ್ರದ ಮೇಲ್ನೀರೇ 29, 30 ಡಿಗ್ರಿ ಮುಟ್ಟುತ್ತದೆ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವೂ ಇದೆ. ಹಾಗಿದ್ದಮೇಲೆ ಟ್ಯಾಂಕಿಗೇಕೆ 26? ಉತ್ತರ ಸಮಯದಲ್ಲಿದೆ. ಕಡಲು ಒಂದು ಡಿಗ್ರಿ ಏರಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ನಮ್ಮ 340 ಲೀಟರಿಗೆ ಬೇಸಿಗೆಯ ಮಧ್ಯಾಹ್ನ ಒಂದೂವರೆ ಗಂಟೆ ಸಾಕು. 29ರಲ್ಲಿ ಇಟ್ಟ ಟ್ಯಾಂಕಿನ ಚಿಲ್ಲರ್ ಹನ್ನೆರಡು ಗಂಟೆಗೆ ಕೆಟ್ಟರೆ ಆಫೀಸಿನಿಂದ ಬರುವಷ್ಟರಲ್ಲಿ ನೀರು ಅಪಾಯದ ಮಟ್ಟದಲ್ಲಿರುತ್ತದೆ. 26ರಲ್ಲಿ ಇಟ್ಟಿದ್ದರೆ ಏನಾದರೂ ಮಾಡಲು ಒಂದು ಸಂಜೆಯಷ್ಟು ಬಿಡುವು ಸಿಗುತ್ತದೆ. ಕಡಲಿನ ಹವಳಕ್ಕೂ ಆ ಬಿಸಿ ಸುಲಭವಾಗೇನೂ ಇಲ್ಲ. 1998ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡು ಅಪಾರವಾಗಿ ಸತ್ತವು, 2010 ಮತ್ತು 2016ರಲ್ಲಿ ಮತ್ತೆ ಪೆಟ್ಟು ಬಿತ್ತು.

ನೇತ್ರಾಣಿಯ ಹೆಸರು ಬಂದದ್ದರಿಂದ ಇದನ್ನು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಸಮುದ್ರದ ಗಟ್ಟಿ ಹವಳ, ಸಮುದ್ರಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಕಿತ್ತು ತರುವುದೂ ಅಪರಾಧ, ಮಾರುವುದೂ ಅಪರಾಧ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ ಕ್ಲೌನ್ ಮೀನು ಇದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಬರಿ ಮೀನಿನ ಟ್ಯಾಂಕಾದರೆ ನೀರು 28 ಡಿಗ್ರಿಯಲ್ಲಿದ್ದರೂ ನಡೆಯುತ್ತದೆ, ಚಿಲ್ಲರಿನ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ

ಚಿಲ್ಲರಿನ ಡಬ್ಬದ ಮೇಲೆ '500 ಲೀಟರ್‌ವರೆಗೆ' ಎಂದು ಬರೆದಿರುತ್ತದೆ. ಆ ಸಾಲನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಚಿಲ್ಲರಿಗೆ ಕೆಲಸ ಕೊಡುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಆ ನೀರಿಗೆ ಪ್ರತಿ ಗಂಟೆ ಸೇರುವ ಬಿಸಿ. ಅದನ್ನು ವ್ಯಾಟ್‌ಗಳಲ್ಲಿ ಎಣಿಸಬಹುದು. ಎಣಿಸುವುದು ಕಷ್ಟವೂ ಅಲ್ಲ.

ಮೊದಲನೆಯದು ಗಾಜು. ಕೋಣೆ 32 ಡಿಗ್ರಿ, ನೀರು 26 ಡಿಗ್ರಿ ಇದ್ದಾಗ ನಾಲ್ಕೂ ಬದಿಯ ಗಾಜು, ತಳ, ಸಂಪಿನ ಗೋಡೆ ಎಲ್ಲದರ ಮೂಲಕ ಬಿಸಿ ಒಳಗೆ ಬರುತ್ತದೆ. ಒಂದು ಚದರ ಮೀಟರ್ ಗಾಜು ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 5 ವ್ಯಾಟ್ ಬಿಟ್ಟುಕೊಡುತ್ತದೆ ಎಂದು ಹಿಡಿದರೆ ನಮ್ಮ ಟ್ಯಾಂಕಿಗೂ ಸಂಪಿಗೂ ಸೇರಿ 90 ವ್ಯಾಟ್ ಆಗುತ್ತದೆ. ಎರಡನೆಯದು ಲೈಟು. 150 ವ್ಯಾಟಿನ ಎಲ್‌ಇಡಿ ಆದರೆ ಅದರ ಬಿಸಿಯ ಒಂದಿಷ್ಟು ಫ್ಯಾನಿನಿಂದ ಗಾಳಿಗೆ ಹೋಗುತ್ತದೆ, ಬೆಳಕಾಗಿ ಇಳಿದದ್ದು ನೀರಿನಲ್ಲೇ ಬಿಸಿಯಾಗಿ ಉಳಿಯುತ್ತದೆ. ಅರ್ಧ ಎಂದು ಹಿಡಿದರೂ 75, 80 ವ್ಯಾಟ್.

ಮೂರನೆಯದನ್ನು ಹೆಚ್ಚಿನವರು ಎಣಿಸುವುದೇ ಇಲ್ಲ. ನೀರಿನೊಳಗೆ ಮುಳುಗಿ ಓಡುವ ಪಂಪು ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಬಿಸಿಯೇ. ಮೋಟಾರಿನ ಸುರುಳಿ ಕಾಯುತ್ತದೆ, ಆ ಬಿಸಿ ನೀರಿಗೆ. ಚಿಮ್ಮಿದ ನೀರು ಪೈಪಿಗೂ ಗಾಜಿಗೂ ಉಜ್ಜಿ ನಿಧಾನವಾಗುತ್ತದೆ, ಆ ಉಜ್ಜುವಿಕೆಯೂ ಬಿಸಿಯಾಗಿ ನೀರಿಗೆ. 40 ವ್ಯಾಟಿನ ರಿಟರ್ನ್ ಪಂಪು ಎಂದರೆ ಟ್ಯಾಂಕಿನೊಳಗೆ ಇಪ್ಪತ್ನಾಲ್ಕು ಗಂಟೆ ಉರಿಯುವ 40 ವ್ಯಾಟಿನ ಹೀಟರ್. ಸ್ಕಿಮ್ಮರ್ ಪಂಪಿಗೆ 20, ಟ್ಯಾಂಕಿನೊಳಗೆ ನೀರು ದೂಡುವ ಎರಡು ವೇವ್‌ಮೇಕರಿಗೆ 20. ಒಟ್ಟು 80 ವ್ಯಾಟ್, ರಾತ್ರಿಯೂ ಬಿಡುವಿಲ್ಲದೆ. ಗಾಜು, ಲೈಟು, ಪಂಪು ಕೂಡಿಸಿದರೆ ಮಧ್ಯಾಹ್ನದ ಹೊರೆ ಸುಮಾರು 250 ವ್ಯಾಟ್. ಒಂದು ಲೀಟರ್ ಕಡಲ ನೀರನ್ನು ಒಂದು ಡಿಗ್ರಿ ಏರಿಸಲು 4.1 ಕಿಲೋಜೂಲ್ ಬೇಕು. 340 ಲೀಟರಿಗೆ ಲೆಕ್ಕ ಹಾಕಿದರೆ 250 ವ್ಯಾಟಿನ ಹೊರೆ ಗಂಟೆಗೆ 0.65 ಡಿಗ್ರಿ ಏರಿಸುತ್ತದೆ. ಮೇಲೆ ಹೇಳಿದ ಒಂದೂವರೆ ಗಂಟೆ ಬಂದದ್ದು ಇಲ್ಲಿಂದ.

ಇನ್ನು ಆವಿ. ಇದು ಖರ್ಚಿಲ್ಲದ ತಂಪು, ಆದರೆ ಊರು ನೋಡಿ ಸಿಗುವಂಥದ್ದು. ಬೀದರಿನಲ್ಲಿ ಮೇ ತಿಂಗಳಲ್ಲಿ ಮಣ್ಣಿನ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಮಂಗಳೂರಿನಲ್ಲಿಟ್ಟರೆ ಅಷ್ಟು ತಂಪು ಸಿಗುವುದಿಲ್ಲ. ಟ್ಯಾಂಕಿನ ಮೇಲ್ಮೈಯೂ ಹಾಗೆಯೇ. ಒಂದು ಲೀಟರ್ ನೀರು ಆವಿಯಾದರೆ ಅದು ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ನಾಲ್ಕು ಲೀಟರ್ ಆವಿಯಾದರೆ ಪುಕ್ಕಟೆಯಾಗಿ 110 ವ್ಯಾಟಿನ ಚಿಲ್ಲರ್ ಓಡಿದಂತೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಕೋಣೆ 33 ಡಿಗ್ರಿ, ಗಾಳಿಯ ತೇವಾಂಶ ಶೇ. 30 ಇದ್ದಾಗ ಒಂದು ಸಣ್ಣ ಫ್ಯಾನು ನೀರಿನ ಮೇಲೆ ಬೀಸಿದರೆ ಇದು ಸಾಧ್ಯ. ಮಂಗಳೂರಿನಲ್ಲಿ ಕೋಣೆ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಗಾಳಿಯಲ್ಲಿರುವ ಆವಿಯ ಒತ್ತಡವೂ 26 ಡಿಗ್ರಿಯ ಕಡಲ ನೀರಿನ ಆವಿಯ ಒತ್ತಡವೂ ಬಹುತೇಕ ಸಮ. ಆವಿಯಾಗುವುದು ನಿಂತೇ ಹೋಗುತ್ತದೆ. ಎಷ್ಟು ಫ್ಯಾನು ಹಾಕಿದರೂ ಬಿಸಿ ಗಾಳಿ ನೀರಿಗೆ ಬಡಿಯುತ್ತದೆ, ಅಷ್ಟೇ. ಮಳೆಗಾಲ ಶುರುವಾದ ಮೇಲೆ ಗಾಜೇ ಹೊರಗಿನಿಂದ ಬೆವರುವುದೂ ಉಂಟು.

ಆದ್ದರಿಂದ ಬೆಂಗಳೂರು, ಮೈಸೂರು, ಹಾಸನದ ಕಡೆಯವರಿಗೆ ನನ್ನ ಸಲಹೆ ನೇರ: ಮೊದಲು ಫ್ಯಾನು ಹಾಕಿ ಒಂದು ಬೇಸಿಗೆ ನೋಡಿ. ಆವಿಯಾದಷ್ಟು ನೀರನ್ನು ದಿನವೂ ಆರ್‌ಒ ನೀರಿನಿಂದ ತುಂಬಿಸುತ್ತಿರಬೇಕು, ಇಲ್ಲವಾದರೆ ಉಪ್ಪಿನಂಶ ಏರುತ್ತದೆ. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ತುಂಬಿಸಬೇಕಾದ್ದು ಸಿಹಿನೀರು. ಇದನ್ನು ತಾನಾಗಿ ಮಾಡುವ ಸಣ್ಣ ಉಪಕರಣ ಸಿಗುತ್ತದೆ, ಅದಕ್ಕೆ ಹಾಕಿದ ದುಡ್ಡು ವ್ಯರ್ಥವಲ್ಲ. ಮಂಗಳೂರು, ಉಡುಪಿ, ಕಾರವಾರದವರು ಫ್ಯಾನಿನ ಪ್ರಯೋಗದಲ್ಲಿ ಮೀನು ಕಳೆದುಕೊಳ್ಳದೆ ನೇರವಾಗಿ ಚಿಲ್ಲರಿಗೆ ಹೋಗುವುದು ಲೇಸು.

ಎಷ್ಟು ದೊಡ್ಡ ಚಿಲ್ಲರ್

ಚಿಲ್ಲರ್ ಎಂದರೆ ಫ್ರಿಜ್ಜಿನ ಯಂತ್ರವೇ. ಕಂಪ್ರೆಸರ್, ಹಿಂದೆ ಬಿಸಿ ಬಿಡುವ ಕಂಡೆನ್ಸರ್ ಜಾಲರಿ, ಒಳಗೆ ನೀರು ಸುತ್ತಿ ತಣ್ಣಗಾಗುವ ಸುರುಳಿ. ಅಂಗಡಿಯಲ್ಲಿ ಹತ್ತನೇ ಒಂದು ಎಚ್‌ಪಿ, ಕಾಲು ಎಚ್‌ಪಿ, ಅರ್ಧ ಎಚ್‌ಪಿ ಎಂದು ಕರೆಯುತ್ತಾರೆ. ಅದು ಕಂಪ್ರೆಸರಿನ ಅಳತೆ. ನಮಗೆ ಬೇಕಾದ ಸಂಖ್ಯೆ ತಂಪುಮಾಡುವ ಸಾಮರ್ಥ್ಯ, ಅದು ಹಿಂದಿನ ಫಲಕದಲ್ಲೋ ಕೈಪಿಡಿಯಲ್ಲೋ ವ್ಯಾಟ್‌ಗಳಲ್ಲಿ ಇರುತ್ತದೆ. ಒಂದೇ ಎಚ್‌ಪಿ ಹೆಸರಿನ ಎರಡು ಕಂಪನಿಯ ಚಿಲ್ಲರುಗಳಲ್ಲಿ ಈ ಸಂಖ್ಯೆ ಬೇರೆಬೇರೆ ಇರುವುದರಿಂದ ಎಚ್‌ಪಿ ನೋಡಿ ಬೆಲೆ ಹೋಲಿಸಬಾರದು.

ನಮ್ಮ ಹೊರೆ 250 ವ್ಯಾಟ್. ಅಷ್ಟೇ ಸಾಮರ್ಥ್ಯದ ಚಿಲ್ಲರ್ ತಂದರೆ ಮಧ್ಯಾಹ್ನವಿಡೀ ಉಸಿರು ಬಿಡದೆ ಓಡುತ್ತದೆ. ಫಲಕದ ಸಂಖ್ಯೆ ತಣ್ಣನೆ ಕೋಣೆಯಲ್ಲಿ ಅಳೆದದ್ದು ಇರಬಹುದು, ನಮ್ಮ ಬೇಸಿಗೆಯಲ್ಲಿ ಅಷ್ಟು ಬರುವುದಿಲ್ಲ. ಜಾಲರಿಗೆ ಧೂಳು ಕೂತರೆ ಇನ್ನೂ ಇಳಿಯುತ್ತದೆ. ಗಂಟೆಗೆ ಮೂವತ್ತು, ಮೂವತ್ತೈದು ನಿಮಿಷ ಓಡಿ ಉಳಿದ ಹೊತ್ತು ವಿಶ್ರಾಂತಿ ಪಡೆಯುವಂತಿರಬೇಕು. ಹಾಗೆ ನೋಡಿದರೆ 450ರಿಂದ 500 ವ್ಯಾಟ್ ಬೇಕು, ಅದು ಸಾಮಾನ್ಯವಾಗಿ ಕಾಲು ಎಚ್‌ಪಿಯ ಆಸುಪಾಸಿನ ಯಂತ್ರ. ತೀರಾ ದೊಡ್ಡದೂ ಬೇಡ: ಎರಡು ನಿಮಿಷ ಓಡಿ ನಿಲ್ಲುವ ಕಂಪ್ರೆಸರ್ ಬೇಗ ಸವೆಯುತ್ತದೆ. ಪೆಲ್ಟಿಯರ್ ತಂತ್ರದ ಪುಟ್ಟ ಕೂಲರುಗಳು ಈ ಗಾತ್ರದ ಟ್ಯಾಂಕಿಗೆ ಸಾಲವು.

ಒಂದು ವಿಷಯದಲ್ಲಿ ರಾಜಿ ಇಲ್ಲ. ನೀರು ಮುಟ್ಟುವ ಸುರುಳಿ ಟೈಟಾನಿಯಂ ಆಗಿರಬೇಕು. ತಾಮ್ರವಾದರೆ ಉಪ್ಪುನೀರು ಅದನ್ನು ತಿನ್ನುತ್ತದೆ, ಕರಗಿದ ತಾಮ್ರ ಹವಳ, ಸಿಗಡಿ, ಶಂಖದ ಹುಳುಗಳನ್ನು ಕೊಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಡಲ ನೀರಿನ ಕ್ಲೋರೈಡ್ ಸಣ್ಣ ತೂತು ಕೊರೆಯುತ್ತದೆ. ಸಿಹಿನೀರಿಗೆಂದು ಮಾಡಿದ ಚಿಲ್ಲರ್ ಅರ್ಧ ಬೆಲೆಗೆ ಸಿಕ್ಕಿತೆಂದು ತರಬೇಡಿ. ಪೈಪು ಬಿಗಿಯುವ ಕ್ಲಿಪ್ಪು ಕೂಡ ಪ್ಲಾಸ್ಟಿಕ್ಕಿನದೇ ಇರಲಿ.

ಇಡುವ ಜಾಗ ಸಾಮರ್ಥ್ಯದಷ್ಟೇ ಮುಖ್ಯ. ನೀರಿನಿಂದ ತೆಗೆದ ಬಿಸಿ ಎಲ್ಲೂ ಮಾಯವಾಗುವುದಿಲ್ಲ. ಕಂಪ್ರೆಸರಿನ ಕರೆಂಟೂ ಸೇರಿ ಸುಮಾರು ಒಂದೂವರೆ ಪಟ್ಟಾಗಿ ಕೋಣೆಗೆ ಬರುತ್ತದೆ. ಚಿಲ್ಲರನ್ನು ಸ್ಟ್ಯಾಂಡಿನ ಬಾಗಿಲು ಮುಚ್ಚಿದ ಅಂಕಣದಲ್ಲಿ ಸಂಪಿನ ಪಕ್ಕ ಕೂರಿಸಿದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಆ ಬಿಸಿ ಸಂಪಿನ ಗಾಜಿನ ಮೂಲಕ ನೀರಿಗೆ ವಾಪಸಾಗುತ್ತದೆ. ಎಷ್ಟೋ ಮನೆಗಳಲ್ಲಿ ಚಿಲ್ಲರ್ ಸೋಲುವುದು ಹೀಗೆಯೇ. ಸುತ್ತ ಒಂದಡಿ ಬಯಲು, ಬಿಸಿಗಾಳಿ ಹೋಗಲು ಕಿಟಕಿಯ ದಾರಿ ಇರಬೇಕು. ಸಾಧ್ಯವಾದರೆ ಪಕ್ಕದ ಯುಟಿಲಿಟಿಗೋ ಬಾಲ್ಕನಿಗೋ ದೂಡಿ. ಕರಾವಳಿಯ ಬಾಲ್ಕನಿಯಲ್ಲಾದರೆ ಜೂನ್ ಮಳೆಯ ಎರಚಲು ಮತ್ತು ಉಪ್ಪುಗಾಳಿಯಿಂದ ಮರೆ ಬೇಕು.

ಪಂಪಿನ ಹೆಡ್ಡು, ಪೈಪಿನ ಒಳಗಾತ್ರ

ಪಂಪಿನ ಡಬ್ಬದ ಮೇಲೆ ಗಂಟೆಗೆ 3,000 ಲೀಟರ್, ಗರಿಷ್ಠ ಹೆಡ್ 3 ಮೀಟರ್ ಎಂದಿರುತ್ತದೆ. ಈ ಎರಡು ಒಟ್ಟಿಗೆ ಸಿಗುವುದಿಲ್ಲ. 3,000 ಲೀಟರ್ ಬರುವುದು ಎತ್ತರವೇ ಇಲ್ಲದಾಗ. 3 ಮೀಟರ್ ಎತ್ತರಕ್ಕೆ ಹೋದಾಗ ಬರುವುದು ಸೊನ್ನೆ. ಓವರ್‌ಹೆಡ್ ಟ್ಯಾಂಕಿಗೆ ಮೋಟಾರು ಹಾಕಿಸಿದವರಿಗೆ, ತೋಟದ ಬಾವಿಗೆ ಪಂಪು ಕೂರಿಸಿದವರಿಗೆ ಇದು ಗೊತ್ತಿರುವ ವಿಷಯವೇ. ಎರಡರ ನಡುವೆ ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ನಮ್ಮ ಎತ್ತರ, ಪೈಪು ನಿರ್ಧರಿಸುತ್ತವೆ.

ಎತ್ತರ ಅಳೆಯುವುದು ಸಂಪಿನ ನೀರಿನ ಮಟ್ಟದಿಂದ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ. ಪಂಪು ಎಷ್ಟು ಆಳದಲ್ಲಿ ಮುಳುಗಿದೆ ಎಂಬುದು ಲೆಕ್ಕಕ್ಕಿಲ್ಲ, ಮೇಲಿನ ನೀರಿನ ಒತ್ತಡವೇ ಅಷ್ಟನ್ನು ಎತ್ತಿಕೊಡುತ್ತದೆ. ನಮ್ಮಲ್ಲಿ ಅದು 1.3 ಮೀಟರ್. ಇದಕ್ಕೆ ಪೈಪಿನ ಉಜ್ಜುವಿಕೆ ಸೇರಬೇಕು. ಗಂಟೆಗೆ 1,200 ಲೀಟರ್ ನೀರು 20 ಮಿ.ಮೀ. ಒಳಗಾತ್ರದ ಪೈಪಿನಲ್ಲಿ ಹೋದರೆ ಒಂದೊಂದು ಎಲ್ಬೋಗೆ ಸುಮಾರು 5 ಸೆಂ.ಮೀ., ಎರಡು ಮೀಟರ್ ನೇರ ಪೈಪಿಗೆ 15 ಸೆಂ.ಮೀ. ಹೋಗುತ್ತದೆ. ನಾಲ್ಕು ಎಲ್ಬೋ, ಒಂದು ವಾಲ್ವು, ಬಾಯಿಯ ನಳಿಕೆ ಎಲ್ಲ ಸೇರಿ ಅರ್ಧ ಮೀಟರ್. ಒಟ್ಟು ಹೆಡ್ಡು 1.8 ಮೀಟರ್. ಅಲ್ಲಿಗೆ ಆ 3,000 ಲೀಟರಿನ ಪಂಪು ಕೊಡುವುದು 1,200 ಲೀಟರಿನ ಹತ್ತಿರ.

ಅದು ಸಾಕೇ? ಟ್ಯಾಂಕಿನ ನೀರು ಗಂಟೆಗೆ ಮೂರರಿಂದ ಐದು ಸಲ ಸಂಪಿಗೆ ಬಂದು ಹೋದರೆ ಸಾಕು. 260 ಲೀಟರಿಗೆ 1,200 ಎಂದರೆ ನಾಲ್ಕೂವರೆ ಸಲ, ಚೆನ್ನಾಗಿಯೇ ಇದೆ. ಹವಳಕ್ಕೆ ಇನ್ನೂ ಜೋರಾದ ಹರಿವು ಬೇಕೆಂಬುದು ನಿಜ, ಆ ಕೆಲಸ ವೇವ್‌ಮೇಕರಿನದು. ಅದು ನೀರನ್ನು ಎತ್ತಬೇಕಾಗಿಲ್ಲ, ಇದ್ದಲ್ಲೇ ದೂಡುತ್ತದೆ, ಹಾಗಾಗಿ 10 ವ್ಯಾಟಿನಲ್ಲಿ ಗಂಟೆಗೆ ಸಾವಿರಾರು ಲೀಟರ್ ಅಲುಗಿಸುತ್ತದೆ. ಅದೇ ಹರಿವನ್ನು ರಿಟರ್ನ್ ಪಂಪಿನಿಂದ ಪಡೆಯಲು ಹೋದರೆ ಕರೆಂಟೂ ದಂಡ, ನೀರಿಗೆ ಬಿಸಿಯೂ ಹೆಚ್ಚು. ದೊಡ್ಡ ರಿಟರ್ನ್ ಪಂಪು ಹಾಕಿ ಅದರ ಬಿಸಿ ತೆಗೆಯಲು ದೊಡ್ಡ ಚಿಲ್ಲರ್ ಕೊಳ್ಳುವುದು ಈ ಹವ್ಯಾಸದಲ್ಲಿ ನಾನು ಕಂಡ ಅತಿ ಸಾಮಾನ್ಯ ದುಂದು.

ಹೊಸ ಪಂಪಿಗಷ್ಟೇ ಈ ಲೆಕ್ಕ. ತಿಂಗಳುಗಳು ಕಳೆದಂತೆ ಒಳಗೆ ಸುಣ್ಣ ಕಟ್ಟುತ್ತದೆ, ಪಾಚಿ ಹಿಡಿಯುತ್ತದೆ. ಅದಕ್ಕಾಗಿ ಗರಿಷ್ಠ ಹೆಡ್ಡು 3.5ರಿಂದ 4 ಮೀಟರ್ ಇರುವ, ವೇಗ ಏರಿಸಿ ಇಳಿಸಬಲ್ಲ ಡಿಸಿ ಪಂಪು ತಂದು ಮುಕ್ಕಾಲು ವೇಗದಲ್ಲಿ ಓಡಿಸುವುದು ಒಳ್ಳೆಯದು. ಒಂದೇ ಕೆಲಸಕ್ಕೆ ಒಳ್ಳೆಯ ಡಿಸಿ ಪಂಪು 25 ವ್ಯಾಟ್ ತೆಗೆದುಕೊಂಡರೆ ಹಳೆಯ ಎಸಿ ಪಂಪು 40 ತೆಗೆದುಕೊಳ್ಳಬಹುದು. ಎಸಿ ಪಂಪೇ ಕೊಳ್ಳುವುದಾದರೆ 230 ವೋಲ್ಟ್, 50 ಹರ್ಟ್ಸ್ ಎಂದು ನೋಡಿ. ಅಮೆರಿಕದಿಂದ ನೆಂಟರು ತಂದುಕೊಟ್ಟ 60 ಹರ್ಟ್ಸಿನ ಪಂಪು ಟ್ರಾನ್ಸ್‌ಫಾರ್ಮರ್ ಹಾಕಿದರೂ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಹರಿವು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಹೆಡ್ಡು ಶೇ. 30ರಷ್ಟು.

ಪೈಪಿನ ಗಾತ್ರದಲ್ಲಿ ಜಿಪುಣತನ ಬೇಡ. ಅದೇ ಹರಿವಿಗೆ ಪೈಪಿನ ಒಳಗಾತ್ರ 20ರಿಂದ 16 ಮಿ.ಮೀ.ಗೆ ಇಳಿದರೆ ಉಜ್ಜುವಿಕೆ ಮೂರು ಪಟ್ಟಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 25 ಮಿ.ಮೀ. ಪಿವಿಸಿ ಪೈಪು ಎಂದರೆ ಅದು ಹೊರಗಿನ ಅಳತೆ, ಒಳಗೆ 21ರ ಹತ್ತಿರ ಮಾತ್ರ. ರಿಟರ್ನಿಗೆ 32ರ ಪೈಪು ಹಾಕಿಸಿದರೆ ಹೆಚ್ಚಾಗುವ ಖರ್ಚು ಅಲ್ಪ, ಸಿಗುವ ನೆಮ್ಮದಿ ದೊಡ್ಡದು. ಪಂಪಿನ ಬಳಿ ಒಂದು ಯೂನಿಯನ್ ಇರಲಿ, ತೊಳೆಯಲು ಬಿಚ್ಚುವಾಗ ಪೈಪು ಕೊಯ್ಯಬೇಕಾಗುವುದಿಲ್ಲ.

ಎರಡನ್ನೂ ಜೋಡಿಸುವ ಬಗೆ

ಮೂರು ದಾರಿಗಳಿವೆ. ರಿಟರ್ನ್ ಪಂಪಿನ ನೀರು ಚಿಲ್ಲರ್ ಮೂಲಕ ಹಾದು ಟ್ಯಾಂಕಿಗೆ ಹೋಗುವುದು ಒಂದು. ನೋಡಲು ಸರಳ, ಒಂದೇ ಪಂಪು. ಆದರೆ ಚಿಲ್ಲರಿನ ಸಣ್ಣ ದಾರಿಯ ತಡೆಯೆಲ್ಲ ರಿಟರ್ನಿನ ತಲೆಗೆ ಬರುತ್ತದೆ. ಸುರುಳಿಯಲ್ಲಿ ಕಸ ಕಟ್ಟಿದರೆ ಟ್ಯಾಂಕಿನ ಸುತ್ತೇ ನಿಧಾನವಾಗುತ್ತದೆ. ರಿಟರ್ನ್ ಪೈಪಿಗೆ ಟೀ ಹಾಕಿ ಒಂದು ಕವಲನ್ನು ವಾಲ್ವಿನ ಮೂಲಕ ಚಿಲ್ಲರಿಗೆ ಕಳಿಸಿ ಸಂಪಿಗೆ ಬಿಡುವುದು ಇನ್ನೊಂದು. ಮೂರನೆಯದು ಚಿಲ್ಲರಿಗೇ ಪ್ರತ್ಯೇಕ ಸಣ್ಣ ಪಂಪು: ಸಂಪಿನಿಂದ ಎತ್ತಿ, ಚಿಲ್ಲರಿನಲ್ಲಿ ಸುತ್ತಿಸಿ, ಸಂಪಿಗೇ ವಾಪಸು.

ಈ ಗಾತ್ರದ ಟ್ಯಾಂಕಿಗೆ ನನ್ನ ಮತ ಮೂರನೆಯದಕ್ಕೆ. ಇನ್ನೊಂದು ಪಂಪೆಂದರೆ ಇನ್ನಷ್ಟು ಬಿಸಿ ಅಲ್ಲವೇ ಎಂದು ಕೇಳಬಹುದು. ಸಂಪಿನಿಂದ ಹೊರಟು ಸಂಪಿನ ನೀರಿನೊಳಗೇ ಮುಗಿಯುವ, ನೀರು ತುಂಬಿದ ಪೈಪಿನಲ್ಲಿ ಎತ್ತರದ ಹೊರೆ ಇಲ್ಲ, ಏರಿದಷ್ಟು ಇಳಿಯುತ್ತದೆ. ಗೆಲ್ಲಬೇಕಾದ್ದು ಉಜ್ಜುವಿಕೆಯನ್ನು ಮಾತ್ರ, ಅದಕ್ಕೆ 10, 12 ವ್ಯಾಟಿನ ಪಂಪು ಸಾಕು. ಅದೇ ನೀರನ್ನು 1.8 ಮೀಟರ್ ಒತ್ತಡಕ್ಕೆ ಏರಿಸಿ ವಾಲ್ವಿನಲ್ಲಿ ಕತ್ತು ಹಿಸುಕುವುದೇ ಹೆಚ್ಚು ದುಬಾರಿ. ಒಂದು ಪಂಪು ನಿಂತರೆ ಇನ್ನೊಂದು ಓಡುತ್ತಿರುತ್ತದೆ ಎಂಬ ಧೈರ್ಯ ಬೇರೆ.

ಚಿಲ್ಲರ್ ಬಾಲ್ಕನಿಯಲ್ಲಿದ್ದು ಹೋಗಿಬರುವ ಪೈಪು ಹತ್ತು ಮೀಟರ್ ಎನ್ನಿ. ಗಂಟೆಗೆ 800 ಲೀಟರಿಗೆ 20 ಮಿ.ಮೀ. ಹೋಸಿನಲ್ಲಿ 35 ಸೆಂ.ಮೀ. ಹೆಡ್ಡು ಹೋಗುತ್ತದೆ, 16 ಮಿ.ಮೀ. ಹೋಸಿನಲ್ಲಿ ಒಂದು ಮೀಟರ್. ಚಿಲ್ಲರಿನ ಕೈಪಿಡಿಯಲ್ಲಿ ಕನಿಷ್ಠ, ಗರಿಷ್ಠ ಹರಿವು ಕೊಟ್ಟಿರುತ್ತಾರೆ. ಕನಿಷ್ಠಕ್ಕಿಂತ ಕಡಿಮೆಯಾದರೆ ಸುರುಳಿಯ ಬಳಿ ನೀರು ವಿಪರೀತ ತಣ್ಣಗಾಗಿ ಯಂತ್ರಕ್ಕೆ ಹಾನಿ. ನಡುವಿನ ಸಂಖ್ಯೆಗೆ ಗುರಿಯಿಡಿ. ಹೋಸಿಗೆ ಎ.ಸಿ. ಪೈಪಿಗೆ ಸುತ್ತುವ ಕಪ್ಪು ಫೋಮ್ ಹೊದಿಸಿದರೆ ಬೆವರು ನೆಲಕ್ಕೆ ತೊಟ್ಟಿಕ್ಕುವುದು ನಿಲ್ಲುತ್ತದೆ.

ನೀರು ಎಲ್ಲಿ ತೆಗೆದು ಎಲ್ಲಿ ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ. ಮೇಲಿನಿಂದ ನೀರು ಬೀಳುವ ಮೊದಲ ಅಂಕಣದಿಂದ ತೆಗೆಯಿರಿ, ರಿಟರ್ನ್ ಪಂಪಿನ ಅಂಕಣದ ಬಳಿ ಬಿಡಿ. ಎರಡೂ ಬಾಯಿ ಒಂದೇ ಕಡೆ ಇದ್ದರೆ ಚಿಲ್ಲರ್ ತಾನು ತಣ್ಣಗೆ ಮಾಡಿದ ನೀರನ್ನೇ ಮತ್ತೆ ಕುಡಿದು, ಕೆಲಸ ಮುಗಿಯಿತೆಂದು ನಿಲ್ಲುತ್ತದೆ. ಮೇಲೆ ಟ್ಯಾಂಕು ಬಿಸಿಯಾಗಿಯೇ ಇರುತ್ತದೆ.

ಹೊರಬರುವ ನೀರನ್ನು ಕೈಯಲ್ಲಿ ಮುಟ್ಟಿ 'ತಣ್ಣಗೇ ಇಲ್ಲವಲ್ಲ' ಎಂದು ಗಾಬರಿಪಡುವವರಿದ್ದಾರೆ. 450 ವ್ಯಾಟಿನ ಚಿಲ್ಲರಿನಲ್ಲಿ ಗಂಟೆಗೆ 800 ಲೀಟರ್ ಹರಿದರೆ ಒಳಹೋಗುವ, ಹೊರಬರುವ ನೀರಿನ ನಡುವೆ ಅರ್ಧ ಡಿಗ್ರಿಯಷ್ಟೇ ವ್ಯತ್ಯಾಸ ಇರಬೇಕಾದ್ದು. ಅದು ಕೈಗೆ ಗೊತ್ತಾಗುವುದಿಲ್ಲ, ಥರ್ಮಾಮೀಟರಿಗೆ ಗೊತ್ತಾಗುತ್ತದೆ. ಚಿಲ್ಲರನ್ನು 26ಕ್ಕೆ ಇಟ್ಟು ಒಂದು ಡಿಗ್ರಿಯ ಅಂತರ ಕೊಡಿ. ಬೆಂಗಳೂರಿನ ಡಿಸೆಂಬರಿನಲ್ಲಿ ಹೀಟರೂ ಬೇಕಾಗುತ್ತದೆ, ಅದನ್ನು 24.5ಕ್ಕೆ ಇಡಿ. ಎರಡರ ಗುರಿ ಹತ್ತಿರವಿದ್ದರೆ ಒಂದು ಕಾಯಿಸುತ್ತದೆ, ಇನ್ನೊಂದು ಆರಿಸುತ್ತದೆ, ಬಿಲ್ಲು ಇಬ್ಬರದೂ ನಿಮಗೆ.

ಬಿಲ್ಲಿನ ಮಾತೂ ಆಗಲಿ. ಮೇಲಿನ ಹೊರೆಗೆ ಬೇಸಿಗೆಯಲ್ಲಿ ಚಿಲ್ಲರ್ ತಿಂಗಳಿಗೆ 65ರಿಂದ 85 ಯೂನಿಟ್, ಪಂಪುಗಳೆಲ್ಲ ಸೇರಿ 60ರ ಸುತ್ತ, ಲೈಟು 45. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಈ ಟ್ಯಾಂಕೊಂದೇ ಬಹುತೇಕ ತಿಂದುಹಾಕುತ್ತದೆ, ಮಿತಿ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. 40ರ ಬದಲು 25 ವ್ಯಾಟಿನ ರಿಟರ್ನ್ ಪಂಪು ಹಾಕಿದರೆ ಪಂಪಿನಲ್ಲೇ 11 ಯೂನಿಟ್ ಉಳಿಯುತ್ತದೆ, ಆ ಬಿಸಿ ತೆಗೆಯುವ ಕೆಲಸ ತಪ್ಪಿ ಚಿಲ್ಲರಿನಲ್ಲಿ ಇನ್ನು ಐದಾರು.

ಕರೆಂಟು ಹೋದಾಗ ಮೊದಲು ಬರುವ ಅಪಾಯ ಉಸಿರಿನದು, ಬಿಸಿಯದು ಆಮೇಲೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಸಂಜೆಗಳನ್ನು ನೆನೆದೇ ಇದನ್ನು ಯೋಜಿಸಬೇಕು. ಇನ್ವರ್ಟರಿಗೆ ಒಂದು ವೇವ್‌ಮೇಕರು, ಸಾಧ್ಯವಾದರೆ ರಿಟರ್ನ್ ಪಂಪು ಹಾಕಿ, ಚಿಲ್ಲರ್ ಬೇಡ. ಪಂಪು ನಿಂತಾಗ ಮೇಲಿನ ನೀರು ರಿಟರ್ನ್ ಪೈಪಿನಲ್ಲಿ ಹಿಂದಕ್ಕೆ ಹರಿದು ಸಂಪಿಗೆ ಬರುತ್ತದೆ. ನಮ್ಮ ಟ್ಯಾಂಕಿನಲ್ಲಿ ಮಟ್ಟ 3 ಸೆಂ.ಮೀ. ಇಳಿದರೂ 18 ಲೀಟರ್. ಅಷ್ಟು ಖಾಲಿ ಜಾಗ ಸಂಪಿನಲ್ಲಿ ಯಾವಾಗಲೂ ಇರಬೇಕು. ರಿಟರ್ನ್ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೆದರೆ ಗಾಳಿ ಹೊಕ್ಕು ಹರಿವು ಅಲ್ಲಿಗೆ ಕಡಿಯುತ್ತದೆ. ಆ ತೂತನ್ನು ವಾರಕ್ಕೊಮ್ಮೆ ಉಜ್ಜಬೇಕು. ಒಮ್ಮುಖ ವಾಲ್ವನ್ನು ಮಾತ್ರ ನಂಬಿ ಕೂರಬೇಡಿ, ಒಂದು ಹರಳು ಮರಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಉಪ್ಪು ಕಲಸುವ ಮುಂಚೆ ಬರಿ ನಲ್ಲಿನೀರಿನಲ್ಲಿ ಎರಡು ದಿನ ಓಡಿಸಿ. ರಿಟರ್ನಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಸಮಯ ನೋಡಿ: ಮೂವತ್ತು ಸೆಕೆಂಡಿಗೆ ತುಂಬಿದರೆ ಗಂಟೆಗೆ 1,200 ಲೀಟರ್. ಮೇನ್ ಸ್ವಿಚ್ ತೆಗೆದು ಸಂಪು ಉಕ್ಕುತ್ತದೆಯೇ ನೋಡಿ. ಮಧ್ಯಾಹ್ನ ಲೈಟು ಹಾಕಿ, ಒಂದು ಗಂಟೆಯಲ್ಲಿ ಚಿಲ್ಲರ್ ಎಷ್ಟು ನಿಮಿಷ ಓಡಿತೆಂದು ಬರೆದಿಡಿ. ಮುಂದಿನ ತಿಂಗಳುಗಳಲ್ಲಿ ಅಂಥದ್ದೇ ಬಿಸಿಲಿನ ದಿನ ಆ ಸಂಖ್ಯೆ ಏರಿದ್ದು ಕಂಡರೆ ಗ್ಯಾಸು ಹೋಗಿದೆಯೆಂದು ಮೆಕ್ಯಾನಿಕ್ಕಿಗೆ ಫೋನು ಮಾಡುವ ಮೊದಲು ಹಿಂದಿನ ಜಾಲರಿಯ ಫಿಲ್ಟರ್ ಬಿಚ್ಚಿ ತೊಳೆಯಿರಿ. ಆಮೇಲೆ ಎರಡೂ ಪಂಪುಗಳನ್ನು ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ, ಸಿಹಿನೀರಿನಲ್ಲಿ ತೊಳೆದು, ಮತ್ತೆ ಕೂರಿಸಿ ನೋಡಿ.